ಹಿಂದಿನ ಸೀಟಿನ ಸದ್ದು

ಬುದ್ಧಿ ಬಂದಾಗಿನಿಂದ ಜಯಸಿಂಹ ಮಾಸ್ತರು ತಮ್ಮ ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಕೂತವರೇ ಅಲ್ಲ. ಆ ದಿನ ಬೆಳಿಗ್ಗೆ ಕೂತರು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಕೂರಿಸಿದವನು ಮೆಕ್ಯಾನಿಕ್ ಹುಲಿಗೆಪ್ಪ. ವರ್ಷದಿಂದ ಬೇವಿನ ಮರದ ಕೆಳಗೆ ಕಾಗೆಗಳಿಗೆ ಆಸರೆಯಾಗಿ ನಿಂತಿದ್ದ ಹಳೆಯ ಬಿಳಿ ಅಂಬಾಸಿಡರಿನ ಹಿಂದಿನ ಆಕ್ಸಲ್ ಬಿಚ್ಚಿ, ನಡುವಿನ ಗುಂಡು ಡಬ್ಬಿಯೊಳಗೆ ಹಲ್ಲು ಉದುರಿದ್ದ ಗೇರುಗಳನ್ನು ತೆಗೆದು, ಇನ್ನೊಂದು ಅಂಥದ್ದೇ ಮುದಿ ಕಾರಿನ ಗೇರುಗಳನ್ನು ಹುಡುಕಿ ತಂದು ಕೂರಿಸಿದ್ದ. ಈಗ ಓಡಿಸಿ ತೋರಿಸುತ್ತೇನೆ, ನೀವು ಹಾಯಾಗಿ ಹಿಂದೆ ಕೂಡಿರಿ ಎಂದ. ಮಾಸ್ತರು ಕೂತರು. ಕಾರು ರಾಯಚೂರಿನ ಗುಂಡಿಗಳನ್ನೆಲ್ಲ ಮಾತಾಡಿಸಿ ಮುಗಿಸಿ ಊರ ಹೊರಗಿನ ನುಣ್ಣನೆಯ ರಸ್ತೆಗೆ ಬಂದದ್ದೇ ತಡ, ಅವರ ಕೆಳಗಿನಿಂದ 'ಗುಂಯ್' ಎಂದು ಒಂದು ಸದ್ದು ಎದ್ದಿತು. ಕಾರು ಜೋರಾದಂತೆ ಸದ್ದೂ ಏರಿತು.

"ಇವು ಎಲ್ಲಾ ಹಿಂಗ ಹಾಡತಾವ್ರಿ ಮಾಸ್ತರ. ಬಿಡ್ರಿ," ಎಂದು ಹುಲಿಗೆಪ್ಪ ಎಲೆಅಡಿಕೆ ಮತ್ತೊಂದು ಕೆನ್ನೆಗೆ ದಾಟಿಸಿದ.

ಬಿಡುವುದು ಹೇಗೆ? ಮರುದಿನ ರಾಯಚೂರಿನಲ್ಲಿ ಅಕ್ಕ ಕಾವೇರಿಬಾಯಿಯ ಕಣ್ಣಿನ ಆಪರೇಷನ್ ಇತ್ತು. ಮಾನ್ವಿಯ ಆಚೆ ತುಂಗಭದ್ರೆಯ ದಂಡೆಯ ಚೀಕಲಪರ್ವಿಯಲ್ಲಿ ಆಕೆ ಎರಡೂ ಕಣ್ಣಿಗೆ ಪೊರೆ ಬಂದು, ಮನುಷ್ಯರನ್ನೂ ಕಂಬಗಳನ್ನೂ ಒಂದೇ ತೂಕದಲ್ಲಿ ಮಾತಾಡಿಸುವ ಹಂತಕ್ಕೆ ಬಂದಿದ್ದಳು. ಇನ್ನು ತಡಮಾಡಿದರೆ ಇರುವಷ್ಟೂ ಹೋದೀತೆಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಆದರೆ ಅಕ್ಕನದು ಒಂದೇ ಹಟ: ಬಂದರೆ ಅಪ್ಪನ ಗಾಡಿಯಲ್ಲಿ, ಕಂಡವರ ಗಾಡಿಯಲ್ಲಿ ಮಾತ್ರ ಬರುವುದಿಲ್ಲ. ಹೋದ ವರ್ಷ ಮಾಸ್ತರು ಪಕ್ಕದ ಮನೆಯ ಸುಮಧ್ವರಾಯರ ಬಿಳಿ ಕಾರು ಒಯ್ದು, ಇದೇ ಅಪ್ಪನ ಗಾಡಿ ಎಂದು ಹತ್ತಿಸಿದ್ದರು. ಅಕ್ಕ ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಇಳಿದು ಮನೆಗೆ ನಡೆದುಬಿಟ್ಟಿದ್ದಳು. ಹೇಗೆ ಗೊತ್ತಾಯಿತೆಂದು ಮಾತ್ರ ಹೇಳಿರಲಿಲ್ಲ. ಸೀಟು ಮುಟ್ಟಿ ಕಂಡುಹಿಡಿದಳೆಂದು ಮಾಸ್ತರು ತಿಳಿದಿದ್ದರು.

ಈಗ ಅಪ್ಪನ ಗಾಡಿ ಖರೆಯಾಗಿಯೂ ಸಿದ್ಧವಾಗಿತ್ತು. ಆದರೆ ಅಪ್ಪನ ಗಾಡಿ ಹೀಗೆ ಗುಂಯ್ ಎನ್ನುತ್ತಿತ್ತೇ? ಮಾಸ್ತರಿಗೆ ಐದು ವರ್ಷವಾಗಿದ್ದಾಗ ಅದು ಮನೆಗೆ ಬಂದದ್ದು. ಅಂದಿನಿಂದ ಮುಂದಿನ ಸೀಟು ಗಂಡಸರದು, ಹಿಂದಿನದು ಹೆಂಗಸರದು. ಅಪ್ಪನ ಪಕ್ಕ ಕೂತು, ಅಪ್ಪ ಹೂಂ ಎಂದಾಗ ಹಾರ್ನ್ ಒತ್ತುವುದು ಜಯಸಿಂಹನ ಕೆಲಸವಾಗಿತ್ತು. ಅಪ್ಪ ಹೋದ ಮೇಲೆ ಸ್ಟೇರಿಂಗೇ ಕೈಗೆ ಬಂತು. ಆ ಮುಂದಿನ ಸೀಟಿನಲ್ಲಿ ಅವರು ಕೇಳಿದ್ದು ಎಂಜಿನ್ನಿನ ಸದ್ದು, ಹಾರ್ನ್, ಅಪ್ಪ ಗುನುಗುತ್ತಿದ್ದ ದೇವರನಾಮ, ಇಷ್ಟೇ. ನೆನಪಿನಲ್ಲಿ ಗಾಡಿ ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತಿತ್ತು. ಈ ಸದ್ದು ಕಿವಿಗೆ ಬಿದ್ದರೆ ಅಕ್ಕ ಇಳಿದೇ ಬಿಡುತ್ತಾಳೆಂದು ಅವರಿಗೆ ಖಾತ್ರಿಯಾಯಿತು.

ಸುಮಧ್ವರಾಯರಿಗೆ ಸುದ್ದಿ ಮುಟ್ಟಲು ಕಾಂಪೌಂಡಿನಷ್ಟೇ ದೂರ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡಿ ಓಣಿಯ ಯಂತ್ರಗಳಿಗೆಲ್ಲ ಔಷಧ ಹೇಳುವುದು ಅವರ ಉದ್ಯೋಗವಾಗಿತ್ತು. ಅವರ ಮನೆಯ ಮಿಕ್ಸರ್ ಮಾತ್ರ ದೀಪಾವಳಿಯಿಂದ ಕೆಟ್ಟು ಕೂತಿತ್ತು. ಅವರು ಕಾರನ್ನು ಮತ್ತೆ ಊರ ಹೊರಗೆ ಓಡಿಸಲು ಹೇಳಿ, ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿ, ಕಿವಿ ಕೆಳಗಿಟ್ಟು, ಆಕ್ಸಿಲರೇಟರ್ ಒತ್ತಿಸಿದರು, ಬಿಡಿಸಿದರು. ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ. ಗೇರುಗಳ ಹಲ್ಲು ಒಂದಕ್ಕೊಂದು ಸರಿಯಾಗಿ ಕೂತಿಲ್ಲ, ಹಾದಿಯಲ್ಲಿ ಗಾಲಿ ಬಿಗಿದುಕೊಂಡರೂ ಹೇಳುವಂತಿಲ್ಲ ಎಂದು ತೀರ್ಪು ಕೊಟ್ಟರು. ಆಕ್ಸಲ್ ಅಂದರೆ ದೇವದುರ್ಗದ ಉಮೇಶನೇ ಸೈ, ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಸಿರವಾರದ ಮೇಲೆ ಹಾಯ್ದು ಮಾನ್ವಿ ಕಡೆ ಹೋದರಾಯಿತು ಎಂದು ತಾವೇ ಮುಂದಿನ ಸೀಟಿನಲ್ಲಿ ಕೂತರು.

ಮಾಸ್ತರ ಹೆಂಡತಿ ವೇದಶ್ರೀ ಅಕ್ಕನಿಗೆಂದು ಬಾಳೆಹಣ್ಣು, ಅವಲಕ್ಕಿ ಕಟ್ಟಿಕೊಂಡು ಹಿಂದೆ ಕೂತಳು. "ರೀ, ಆ ಸದ್ದು ಅಂತೀರಲ್ಲ, ಅದು..." ಎಂದು ಶುರುಮಾಡಿದಳು.

"ನೀ ಸುಮ್ನಿರು. ಇದು ಮಷೀನಿನ ವಿಷಯ," ಎಂದರು ಮಾಸ್ತರು.

ಗಬ್ಬೂರಿನಲ್ಲಿ ಚಹಾಕ್ಕೆ ನಿಂತದ್ದು ಇನ್ನೊಂದು ತಪ್ಪು. ಹಳೆಯ ಕಾರಿನ ಸುತ್ತ ಜನ ಸೇರಿದರು. ಒಬ್ಬ ಬಗ್ಗಿ ನೋಡಿ ಬೇರಿಂಗ್ ಎಂದ. ಇನ್ನೊಬ್ಬ ಟೈರು ಒದ್ದು ಟೈರಿನದೇ ದೋಷ ಎಂದ. ಅಂಗಡಿಯ ಮುದುಕಮ್ಮ ಗೇರು ಹಾಕಿಸಿದ ಮೇಲೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಿದ್ದಿರೋ ಇಲ್ಲವೋ ಎಂದು ಕೇಳಿ, ಇಲ್ಲವೆಂದಾಗ ಇನ್ನು ಮಾತಾಡುವುದೇ ಬೇಡ ಎನ್ನುವಂತೆ ಕೈಯಾಡಿಸಿದಳು. ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾಯಿತು. ಸದ್ದು ಹಾಗೆಯೇ ಇತ್ತು. ವೇದಶ್ರೀ ಮತ್ತೊಮ್ಮೆ ಬಾಯಿ ತೆರೆದಳು. ಈ ಸಲ ಸುಮಧ್ವರಾಯರು ಮೊಬೈಲು ಎತ್ತಿ, ತಂಗೀ, ಒಂದು ನಿಮಿಷ, ಈ ವಿಡಿಯೋ ಮುಗಿಯಲಿ ಎಂದರು.

ದೇವದುರ್ಗದ ಉಮೇಶ ಹಿಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ತಿರುಗಿಸಿ ನೋಡಿದ. ಗೇರು ಗಟ್ಟಿ ಇವೆ, ಗಾಲಿಗೆ ಏನೂ ಆಗುವುದಿಲ್ಲ, ಸದ್ದು ಮಾತ್ರ ಇದೆ ಎಂದ. ಅದು ಹೋಗಬೇಕಾದರೆ ಎಲ್ಲ ಬಿಚ್ಚಬೇಕು, ಬಿಚ್ಚಿದರೆ ಇವತ್ತು ನಾಳೆ ಎರಡೂ ಹೋದವು.

ಮಾಸ್ತರ ಮುಖ ನೋಡಿ ಅವನಿಗೇ ಕನಿಕರ ಬಂತೇನೋ. "ಇವತ್ತ ಸದ್ದಷ್ಟ ಹೋಗಬೇಕಂದ್ರ ಒಂದು ಔಷಧ ಅದರಿ," ಎಂದ. "ಹಳೀ ಗಾಡಿ ಮಾರೋರು ಮಾಡತಿರತಾರ. ದಪ್ಪನ್ನ ಎಣ್ಣಿಯೊಳಗ ಕಟ್ಟಿಗಿ ಹೊಟ್ಟು, ಬಾಳಿಹಣ್ಣು ಕಲಸಿ ಡಬ್ಬಿಗೆ ತುಂಬಿಬಿಡೂದು. ನಾಕು ದಿನ ಗಪ್‌ಚುಪ್ ಇರತದ."

ಹೊಟ್ಟು ಪಕ್ಕದ ಬಡಿಗನಲ್ಲಿ ಸಿಕ್ಕಿತು. ಬಾಳೆಹಣ್ಣು ವೇದಶ್ರೀಯ ಚೀಲದಲ್ಲಿದ್ದವು.

"ಅವು ಅಕ್ಕಾರಿಗೆ ತಂದದ್ದು," ಎಂದಳು ಆಕೆ. "ಹಣ್ಣು ಒಯ್ರಿ, ಬ್ಯಾಡನ್ನಂಗಿಲ್ಲ. ಆದ್ರ ಹಿಂದ ಕೂತವರನ್ನ ಒಂದು ಮಾತು ಕೇಳ್ರಿ."

"ಆಮ್ಯಾಲ ಕೇಳ್ತೀನಿ," ಎಂದು ಮಾಸ್ತರು ಚಿಪ್ಪು ಸಮೇತ ಎತ್ತಿಕೊಂಡು ಹೋದರು. ನೈವೇದ್ಯಕ್ಕೆ ಯೋಗ್ಯವಾದ ಹಣ್ಣುಗಳು ಒಂದೊಂದಾಗಿ ಆಕ್ಸಲ್ಲಿನ ಹೊಟ್ಟೆ ಸೇರಿದವು.

ಸದ್ದು ಹೋಯಿತು. ಸಿರವಾರದ ಭತ್ತದ ಗದ್ದೆಗಳ ನಡುವೆ ಕಾರು ತೊಟ್ಟಿಲಿನಂತೆ ತೇಲಿತು. ಮಾಸ್ತರು ದೇವರನಾಮ ಗುನುಗತೊಡಗಿದರು. ಸುಮಧ್ವರಾಯರು ತಾಳ ಹಾಕಿದರು. ವೇದಶ್ರೀ ಕಿಟಕಿಯಾಚೆ ನೋಡುತ್ತ ಕೂತಳು.

ಚೀಕಲಪರ್ವಿಯಲ್ಲಿ ಕಾವೇರಿಬಾಯಿ ಗಂಟು ಕಟ್ಟಿ, ತಾಮ್ರದ ತಂಬಿಗೆ ಹಿಡಿದು ಸಿದ್ಧವಾಗಿ ಕೂತಿದ್ದಳು. ಬಾನೆಟ್ ಸವರಿದಳು, ಬಾಗಿಲ ಹಿಡಿ ಮುಟ್ಟಿದಳು, ಸೀಟಿನ ಮೂಲೆಯಲ್ಲಿ ಅವ್ವ ಹಾಕಿದ್ದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಮುಖ ಅರಳಿತು. ಮಾಸ್ತರಿಗೆ ಜೀವ ಬಂತು. ಕಾರು ಹೊರಟು ಅಗಸಿ ದಾಟಿತು.

"ಜಯಾ, ನಿಲ್ಲಸು," ಎಂದಳು ಅಕ್ಕ.

ಇಳಿದು, ತಡವರಿಸುತ್ತ ಹೋಗಿ ಬೇವಿನ ಕಟ್ಟೆಯ ಮೇಲೆ ಕೂತಳು. "ಹ್ವಾದ ವರ್ಷನೂ ಹಿಂಗ ಮಾಡಿದಿ. ಈ ಸಲ ಅಪ್ಪನ ಸೀಟು ಕಿತ್ತು ಇದಕ್ಕ ಹಾಕೀಯೇನು? ಕಣ್ಣಿಲ್ಲದಾಕಿ ಅಂತ ನನ್ನ ಮುಂದ ಆಟ ಆಡಬ್ಯಾಡ."

"ಅಕ್ಕಾ, ಆಣಿ ಮಾಡಿ ಹೇಳ್ತೀನಿ, ಇದು ಅಪ್ಪನ ಗಾಡಿ."

"ಅಪ್ಪನ ಗಾಡಿ ಹಾಡ್ತಿತ್ತಲೇ," ಎಂದಳು ಕಾವೇರಿಬಾಯಿ. "ಕೆಳಗಿಂದ ಗುಂಯ್ ಅಂತಿತ್ತು. ಮದುವಿ ಆಗಿ ಈ ಊರಿಗೆ ಬರೋ ದಿನ ಮಾನ್ವಿ ದಾಟೂತನಕ ಅತ್ತೀನಿ. ನೀ ಮುಂದ ಕೂತು ಹಾರನ್ ಬಾರಿಸಾಕತ್ತಿದ್ದಿ, ನಿನಗೇನು ಗೊತ್ತು. ಆ ಸದ್ದು ಕೇಳಿಕೋತ, ಅವ್ವನ ತೊಡಿ ಮ್ಯಾಲ ಮಲಗಿದಂಗ ಆಗಿ ನಿದ್ದಿ ಬಂತು ನನಗ. ಅವ್ವನ ಬಿಟ್ಟು ಬಂದ ದಿನ ಅವ್ವನ ಜೋಡಿ ಬಂದಂಗ ಇತ್ತು. ನಾಳಿ ಕಣ್ಣಿಗೆ ಕತ್ತರಿ ಹಾಕತಾರಂದ್ರ ನನಗ ಅಂಜಿಕಿ ಅದ, ಜಯಾ. ಅದು ಹಾಡಿದ್ರ ಬರ್ತೀನಿ. ಇಲ್ಲಂದ್ರ ಇಲ್ಲ."

ಮಾಸ್ತರು ಅಷ್ಟು ವರ್ಷ ಒಂದೇ ಕಾರಿನಲ್ಲಿ ಕೂತು, ಹಿಂದಿನ ಸೀಟಿನವರು ಯಾವ ಹಾಡು ಕೇಳುತ್ತ ಬಂದರೆಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಹೆಂಡತಿಯ ಕಡೆ ತಿರುಗಿದರು.

"ಮದುವಿ ಆದಾಗಿಂದ ಕೇಳಾಕತ್ತೀನಿ ಆ ಸದ್ದು," ಎಂದಳು ವೇದಶ್ರೀ ಮೆಲ್ಲಗೆ. "ಮುಂಜಾನಿಯಿಂದ ಅದನ್ನ ಹೇಳಾಕ ಹೊಂಟಿದ್ದೆ. ಹೇಳಾಕ ಎಲ್ಲಿ ಬಿಟ್ರಿ?"

ಬಾಳೆಹಣ್ಣನ್ನು ಈಗ ಹೊರಗೆ ತೆಗೆಯುವವರು ಯಾರು? ಸುಮಧ್ವರಾಯರು ಮೊಬೈಲಿನಲ್ಲಿ ಹುಡುಕಿದರು. ಸದ್ದು ಹೋಗಲಾಡಿಸುವ ವಿಡಿಯೋಗಳಿದ್ದವು, ತರಿಸುವುದು ಒಂದೂ ಇರಲಿಲ್ಲ. ಕೊನೆಗೆ ಉಪಾಯ ಹೇಳಿದವಳು ವೇದಶ್ರೀಯೇ. ಹೇಳುವಾಗ ಅವಳ ಮುಖದಲ್ಲಿ ಬೆಳಗಿನಿಂದ ಕಾಣದ ಸಮಾಧಾನವಿತ್ತು.

ಆಕೆ ಕಟ್ಟೆಯ ಬಳಿ ಹೋಗಿ, ನಿಮಗೆ ಮೋಸ ಮಾಡಲಿಕ್ಕಾಗುವುದಿಲ್ಲ ಅಕ್ಕಾರ, ಅಪ್ಪಾರ ಗಾಡಿ ಹೊಸ ಗೇರು ಹಾಕಿಸಿಕೊಂಡು ಮಾನ್ವಿಯಲ್ಲೇ ನಿಂತಿದೆ, ರಾಯರು ಹೋಗಿ ಈ ಸೀಟು ತಿರುಗಿ ಅದಕ್ಕೇ ಹಾಕಿ ತರುತ್ತಾರೆ, ಈ ಗಾಡಿ ಕೊಟ್ಟವರಿಗೆ ಮುಟ್ಟಿಸಿ ಇವರು ಬಸ್ಸಿನಲ್ಲಿ ಬರುತ್ತಾರೆ ಎಂದಳು. ಕಾರು ಹೋಯಿತು. ಸಾಕಷ್ಟು ಹೊತ್ತು ಬಿಟ್ಟು ತಿರುಗಿ ಬಂತು. ಸ್ಟೇರಿಂಗಿನಲ್ಲಿ ಸುಮಧ್ವರಾಯರಿದ್ದರು. ಡಿಕ್ಕಿಯ ಬಾಗಿಲನ್ನು ಗಾಳಿಯಾಡುವಷ್ಟು ತೆರೆದು ಹಗ್ಗದಿಂದ ಕಟ್ಟಿತ್ತು. ಒಳಗೆ ಸ್ಟೆಪ್ನಿಯನ್ನು ತಬ್ಬಿಕೊಂಡು ನಿವೃತ್ತ ಹೆಡ್‌ಮಾಸ್ತರ್ ಜಯಸಿಂಹ 'ಗುಂಯ್' ಎನ್ನುತ್ತಿದ್ದರು. ಆಕ್ಸಿಲರೇಟರ್ ಒತ್ತಿದಾಗ ಶ್ರುತಿ ಏರಿಸಬೇಕು, ಬಿಟ್ಟಾಗ ಇಳಿಸಬೇಕು ಎಂದು ರಾಯರು ಪಾಠ ಮಾಡಿಯೇ ತಂದಿದ್ದರು.

ಕಾವೇರಿಬಾಯಿ ಕಿವಿಗೊಟ್ಟಳು. ತಂಬಿಗೆ ಎತ್ತಿಕೊಂಡು ಹತ್ತಿ ಕೂತಳು.

ಮಾನ್ವಿಯ ಬಸ್‌ಸ್ಟ್ಯಾಂಡಿನ ಹತ್ತಿರ ಕಾರು ನಿಧಾನವಾದಾಗ ಹಳೆಯ ಶಿಷ್ಯನೊಬ್ಬ ಡಿಕ್ಕಿಯೊಳಗೆ ಇಣುಕಿ, "ಸರ, ನಮಸ್ಕಾರ್ರಿ," ಎಂದ. ಮಾಸ್ತರು ಗುಂಯ್‌ಗುಡುತ್ತಲೇ ತಲೆಯಾಡಿಸಿದರು. ಅವನು ಚಪ್ಪಲಿ ಬಿಟ್ಟು ಕೈಮುಗಿದು ನಿಂತುಬಿಟ್ಟ. ಮುಂದೆ ಧೂಳು ಗಂಟಲಿಗೆ ಹೊಕ್ಕು ಕೆಮ್ಮು ಬಂತು; ರಸ್ತೆ ಸರಿಯಿಲ್ಲ ಎಂದು ವೇದಶ್ರೀ ಸಂಭಾಳಿಸಿದಳು. ಕಲ್ಲೂರು ದಾಟುವಾಗ ಸೀಟಿನಾಚೆಯಿಂದ ಅಕ್ಕನ ಸಣ್ಣ ಗೊರಕೆ ಕೇಳಿಸಿತು. ಇನ್ನು ನಿಲ್ಲಿಸಬಹುದಿತ್ತು. ಮಾಸ್ತರು ನಿಲ್ಲಿಸಲಿಲ್ಲ. ಅವ್ವನನ್ನು ಬಿಟ್ಟು ಬಂದ ದಿನದ ಅಕ್ಕನನ್ನು ನೆನೆಸಿಕೊಂಡು, ಕಣ್ಣು ಒರೆಸಿಕೊಂಡು, ರಾಯಚೂರಿನ ಗುಂಡಿಗಳು ಸಿಗುವ ತನಕ ಹಾಡಿದರು.

ಮನೆ ಮುಂದೆ ಅಕ್ಕ ಇಳಿದಳು. ಕಾರಿನ ಬೆನ್ನು ಸವರಿದಳು.

"ಖರೇ ಅಪ್ಪನ ಗಾಡಿನ ಇದು," ಎಂದಳು. "ಕಣ್ಣು ಬಂದ ಮ್ಯಾಲ ಇದರಾಗನ ನನ್ನ ಊರಿಗೆ ಬಿಡಬೇಕು ನೋಡು. ಆದ್ರ ವೇದಶ್ರೀ, ನಿನ್ನ ಗಂಡ ಬಸ್ಸಿನಿಂದ ಬಂದ ಮ್ಯಾಲ ಹೇಳು, ಹೊಸಾ ಗೇರು ಸರಿ ಕೂತಿಲ್ಲ. ಒಮ್ಮೆ ಬಿಚ್ಚಿಸಿ ತೋರಸು ಅನ್ನು. ನಡುನಡುವ ಕೆಮ್ಮತದ."

"ನಾ ಮುಂಜಾನಿನ ಹೇಳಿದ್ದೆ," ಎಂದರು ಸುಮಧ್ವರಾಯರು.

ಡಿಕ್ಕಿ ಇನ್ನೊಮ್ಮೆ ಕೆಮ್ಮಿತು.