ಕೆನಡಾಕ್ಕೆ ಹೊರಟ ಅಕ್ಕ-ಭಾವನ ಕಾಗದಪತ್ರ

ಅರ್ಜಿ ನಮೂನೆ ಮಾಡಿದವರು ನಮ್ಮ ಕಡೆಯ ಜನರನ್ನು ಕಂಡವರಲ್ಲ. ಹಾಗಾಗಿ ಆ ನಮೂನೆಯೂ ನಮ್ಮ ಜನವೂ ಎದುರಾದಾಗಲೆಲ್ಲ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಚಾಮರಾಜನಗರದ ಕೋರ್ಟಿನ ಮುಂದೆ ಟೈಪ್ ಹೊಡೆದು ಬದುಕಿದ ನನಗೆ ಇದೇನು ಹೊಸದಲ್ಲ. ಆದರೆ ಎರಡು ಸಾವಿರದ ಐದರ ಸುಮಾರಿಗೆ, ಕೆನಡಾದಲ್ಲಿ ನರ್ಸ್ ಆಗಿದ್ದ ಅಕ್ಕನ ಮಗಳು ಅಪ್ಪ ಅವ್ವನನ್ನು ಖಾಯಂ ಕರೆಸಿಕೊಳ್ಳಲು ಅರ್ಜಿ ಹಾಕಿದಾಗ ನನ್ನ ನಿದ್ದೆಯೇ ಹಾರಿಹೋಯಿತು. "ಒಂದು ಕಾಗ್ದ ತಪ್ಪಿದ್ರೂ ಫೈಲ್ ಮುಚ್ಬುಡ್ತಾರೆ ಮಾವ," ಎಂದು ಅವಳು ವಾರವಾರವೂ ಫೋನಿನಲ್ಲಿ ಹೆದರಿಸುತ್ತಿದ್ದಳು.

ಬಿಳಿ ಎತ್ತು

ಅಕ್ಕ ಶಾಲೆಯ ಮುಖ ಕಂಡವಳಲ್ಲ. ಅವಳ ವಯಸ್ಸಿಗೆ ಸಾಕ್ಷಿ ಹೇಳಿಸಲು ನಮ್ಮ ಹುಟ್ಟೂರು ಹರವೆಯಿಂದ ಒಬ್ಬ ಅಜ್ಜನನ್ನು ಕರೆತಂದು ನೋಟರಿಯ ಮುಂದೆ ಕೂರಿಸಿದೆ. ಇವರು ಹುಟ್ಟಿದ್ದು ಯಾವಾಗ ಎಂದು ನೋಟರಿ ಕೇಳಿದರು. ನಮ್ಮ ಬಿಳಿ ಎತ್ತು ಸತ್ತ ವಾರ ಎಂದು ಅಜ್ಜ ಖಡಾಖಂಡಿತವಾಗಿ ಹೇಳಿದ. ಎತ್ತು ಸತ್ತದ್ದು ಯಾವಾಗ ಎಂದಾಗ ಅಜ್ಜನಿಗೆ ಸಿಟ್ಟು ಬಂತು.

"ಇವ್ಳು ಉಟ್ಟಿದ್ ವಾರ. ಒಂದೇ ಮಾತ್ನ ಎಷ್ಟ್ ಸಲ ಯೋಳದು?"

ಎರಡು ಹಾರ

ಮದುವೆಗೂ ಪುರಾವೆ ಇರಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಧಾರೆಯಾಗಿತ್ತು. ಮಂಜಿನಲ್ಲಿ ಫೋಟೋಗಳೆಲ್ಲ ಬೆಳ್ಳಗೆ ಬಂದಿದ್ದವು. ಗುಂಡ್ಲುಪೇಟೆಯಲ್ಲಿ ನೋಂದಣಿ ಮಾಡಿಸಲು ಹೊರಟೆವು. ಹೊಸ ಫೋಟೋಕ್ಕೆಂದು ಭಾವ ಬಸ್‌ಸ್ಟ್ಯಾಂಡಿನಲ್ಲಿ ಎರಡು ಹಾರ ಕೊಂಡಿದ್ದನ್ನು ಕುದೇರಿನ ನೆಂಟನೊಬ್ಬ ಕಂಡ. ಭಾವ ಇನ್ನೊಂದು ಮದುವೆಯಾಗುತ್ತಿದ್ದಾನೆಂದು ಸುದ್ದಿ ಹಬ್ಬಿ, ಮಧ್ಯಾಹ್ನದೊಳಗೆ ಟೆಂಪೋ ತುಂಬ ಜನ ಕಚೇರಿಗೆ ನುಗ್ಗಿದರು. ಅಧಿಕಾರಿ ಪೆನ್ನು ಕೆಳಗಿಟ್ಟರು. ಇಷ್ಟಕ್ಕೇ ಕೆಲಸ ಕೆಟ್ಟಿತು ಎಂದುಕೊಂಡೆ. ನಮ್ಮ ಸೋದರಮಾವ ಭಾವನ ಕೊರಳಪಟ್ಟಿ ಹಿಡಿದು, ಆ ಹೆಂಗಸು ಯಾರು ತೋರಿಸು ಎಂದು ಗದರಿದರು.

ಹಾರ ಹಾಕಿಕೊಂಡು ತಲೆ ತಗ್ಗಿಸಿ ಕೂತಿದ್ದ ಅಕ್ಕ, "ನಾನೇ ಕಣ್ ಮಾವ," ಎಂದಳು.

ಸಾಕ್ಷಿಗೆ ಮೂವರು ಬೇಕಿತ್ತು. ಹದಿನೆಂಟು ಜನ ಸಿಕ್ಕರು.

ಗೋಡೆಯ ಮೇಲಿನ ಅತ್ತೆ

ಕೊನೆಗೆ ವೀಸಾ ಕಚೇರಿಯಿಂದ ಅಕ್ಕನ ಮನೆಗೆ ಫೋನು ಬಂತು. ಸ್ಪೀಕರ್ ಹಾಕಿದ ಫೋನಿನಲ್ಲಿ ಕನ್ನಡ ಬಲ್ಲವರೊಬ್ಬರು ಸಾಹೇಬರ ಪರವಾಗಿ ಪ್ರಶ್ನೆ ಕೇಳುತ್ತಿದ್ದರು. ಅಕ್ಕನೇ ಉತ್ತರಿಸಬೇಕು, ಪಕ್ಕದವರು ತುಟಿ ಬಿಚ್ಚುವ ಹಾಗಿಲ್ಲ. ಮಕ್ಕಳೆಷ್ಟು? ಮೂರು. ಹಿರಿಯವಳು ಎಲ್ಲಿ? ಕೆನಡಾ. ಅವಳ ಹೆಸರು?

ನಮ್ಮಲ್ಲಿ ಸೊಸೆಯಾದವಳು ಅತ್ತೆಯ ಹೆಸರು ಹೇಳುವುದಿಲ್ಲ. ಹಿರಿಯ ಮೊಮ್ಮಗಳಿಗೆ ಇಡುವುದೂ ಅದೇ ಹೆಸರನ್ನೇ. ಹುಟ್ಟಿದಾಗಿನಿಂದ ಅಕ್ಕ ಮಗಳನ್ನು ಕರೆದದ್ದು 'ಕೂಸು' ಎಂದು ಮಾತ್ರ. ಅದನ್ನೇ ಹೇಳಿದಳು. ಪಾಸ್‌ಪೋರ್ಟಿನಲ್ಲಿ ಹಾಗಿಲ್ಲವಲ್ಲ ಎಂದರು. ಅಕ್ಕ ಗೋಡೆಯ ಮೇಲಿದ್ದ ಅತ್ತೆಯ ಫೋಟೋದತ್ತ ಬೆರಳು ತೋರಿಸಿ, ಅಗೋ ಅವರ ಹೆಸರೇ ಎಂದು ಫೋನಿಗೆ ಹೇಳಿದಳು. ಭಾವ ತಲೆಯ ಮೇಲೆ ಕೈಹೊತ್ತು ಕೂತ. ನನಗೂ ಅಳು ಬರುವುದೊಂದು ಬಾಕಿ.

"ನಿಜವಾಗಿ ನೀವು ಅವರ ತಾಯಿನೇನಮ್ಮ?" ಎಂದು ಆ ಕಡೆಯಿಂದ ಕೇಳಿದರು.

ಅಕ್ಕ ದಡಕ್ಕನೆ ಎದ್ದಳು. ಅತ್ತೆಯ ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಫೋನಿಗೆ, "ಮಾದೇವಮ್ಮ," ಎಂದು ಬೀದಿಗೆ ಕೇಳುವಂತೆ ಹೇಳಿ, ಗಲ್ಲ ಗಲ್ಲ ಬಡಿದುಕೊಂಡಳು.

ವೀಸಾ ಬಂತು. ಅಕ್ಕ ಹೆಸರು ಹೇಳಿದ ಸುದ್ದಿಯನ್ನು ನನ್ನಿಂದ ತಿಳಿದ ಅವಳ ಮಗಳು ಫೋನಿನಲ್ಲಿ ಅತ್ತುಬಿಟ್ಟಳು. ನೀನು ನನ್ನ ಹೆಸರು ಹಿಡಿದು ಕರೆದದ್ದನ್ನು ಈ ಜನ್ಮದಲ್ಲೇ ಕೇಳಿಲ್ಲ ಅವ್ವ, ನನಗೂ ಒಂದು ಸಲ ಹೇಳು ಎಂದು ಗೋಗರೆದಳು.

"ನೀ ನನ್ ಮಗ್ಳು ಅಂತ ಆ ಸಾಯೇಬ್ರಿಗೆ ಗೊತ್ತಿರ್ನಿಲ್ಲ, ಅದ್ಕೆ ಅಂದೆ," ಎಂದಳು ಅಕ್ಕ. "ನಿಂಗೂ ಗೊತ್ತಿಲ್ವೇನಮ್ಮಿ?"