ಮಲ್ಲಿಗೆ ಗಿಡಗಳಿಗೆ ನಾನು ಕೊಟ್ಟ ವ್ಯಾಯಾಮ

ಅರ್ಧ ದಿನದ ತರಬೇತಿಯಲ್ಲಿ ಒಬ್ಬ ಮನುಷ್ಯ ಎಷ್ಟು ಬುದ್ಧಿವಂತನಾಗಬಹುದು ಎಂಬುದಕ್ಕೆ ನಾನೇ ಸಾಕ್ಷಿ. ಹೈಸ್ಕೂಲಿನ ವಿಜ್ಞಾನ ಮಾಸ್ತರನಾದ ನಾನು ಕಳೆದ ಮಾರ್ಚ್‌ನಲ್ಲಿ ಕುಮಟಾಕ್ಕೆ ತರಬೇತಿಗೆಂದು ಹೋಗಿದ್ದೆ. ಅಲ್ಲಿ ಒಬ್ಬ ಯುವ ಪ್ರಾಧ್ಯಾಪಕರು ಜೀವಕೋಶದ ಬಗ್ಗೆ ಮಾತಾಡಿದರು. ಪ್ರತಿ ಜೀವಕೋಶದ ಹೊರಮೈಯಲ್ಲೂ ರಿಸೆಪ್ಟರ್ ಎಂಬ ಅಣುಗಳು ಕಾವಲು ಕೂತಿರುತ್ತವಂತೆ. ಯಾರಾದರೂ ಒತ್ತಲಿ, ಎಳೆಯಲಿ, ನೀರು ಕಡಿಮೆಯಾಗಲಿ, ಅವು ತಕ್ಷಣ ಒಳಗೆ ಸುದ್ದಿ ಮುಟ್ಟಿಸುತ್ತವೆ. ಕೋಶ ಸೊಂಟ ಕಟ್ಟಿ ನಿಲ್ಲುತ್ತದೆ. ಗಾಳಿಗೆ ಅಲುಗಾಡುವ ಗಿಡದ ಕಾಂಡ ಗಟ್ಟಿಯಾಗುವುದು ಹೀಗೆ. ದಿನಾ ಕೈಯಿಂದ ಸವರಿದರೂ ಆಗುತ್ತದೆ ಎಂದರು. ಉಳಿದದ್ದು ಊಟದ ನಂತರ ಎಂದರು. ನಾನು ಊಟ ಮಾಡಿ ಭಟ್ಕಳದ ರೈಲು ಹಿಡಿದೆ. ಅರ್ಥವಾದವನಿಗೆ ಉಳಿದದ್ದು ಏಕೆ?

ನಮ್ಮ ಹಿತ್ತಲಲ್ಲಿ ನನ್ನ ಹೆಂಡತಿ ಗಿರಿಜೆ ಸಾಕಿದ ಹನ್ನೆರಡು ಮಲ್ಲಿಗೆ ಗಿಡಗಳಿವೆ. ಭಟ್ಕಳದ ಮಲ್ಲಿಗೆ ಎಂದರೆ ಬೇರೆ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಹಿರೇಗುತ್ತಿಯಲ್ಲಿ ಅವಳ ತಂಗಿ ಸುಮಿತ್ರೆಯ ದೊಡ್ಡ ಮಗಳ ಮದುವೆಯಿತ್ತು. ಮದುಮಗಳು ಮುಡಿಯುವ ದಂಡೆ ನಮ್ಮ ಹಿತ್ತಲಿನ ಹೂವಿನದ್ದೇ ಎಂದು ಗಿರಿಜೆ ನಾಲ್ಕು ಜನರ ಮುಂದೆ ತಂಗಿಗೆ ಮಾತು ಕೊಟ್ಟಿದ್ದಳು. ಗಿಡ ಬಲವಾದರೆ ಹೂ ಬುಟ್ಟಿ ಬುಟ್ಟಿ! ಹೀಗೆಂದು ಪ್ರಾಧ್ಯಾಪಕರು ಹೇಳಿರಲಿಲ್ಲ. ನಾನೇ ಹೇಳಿಕೊಂಡೆ.

ಮರುದಿನ ಬೆಳಿಗ್ಗೆಯೇ ಯೋಜನೆ ಜಾರಿಗೆ ಬಂತು. ಒಂದೊಂದು ಗಿಡವನ್ನು ಬುಡದಿಂದ ತುದಿಯವರೆಗೆ ಇಪ್ಪತ್ತು ಸಲ ಸವರುವುದು. ಗಿರಿಜೆ ಬಾಗಿಲಲ್ಲಿ ನಿಂತು ನೋಡಿದಳು.

"ಎಂತ ಮಾಡ್ತಾ ಇದ್ರಿ?"

"ರಿಸೆಪ್ಟರ್‌ಗಳನ್ನ ಎಬ್ಬಿಸ್ತಾ ಇದ್ದೆ."

"ನಂಗೆ ಜ್ವರ ಬಂದಾಗ ಒಂದು ಸಲ ಹಣೆ ಮುಟ್ಟಿ ನೋಡ್ಲಿಲ್ಲ. ಗಿಡಕ್ಕೆ ಇಪ್ಪತ್ತು ಸಲವಾ?"

ನಾನು ಎಣಿಕೆ ತಪ್ಪಿ, ಮತ್ತೆ ಒಂದರಿಂದ ಸವರತೊಡಗಿದೆ.

ನಾಲ್ಕನೇ ದಿನಕ್ಕೆ ನನ್ನ ಭುಜ ಹಿಡಿದುಕೊಂಡಿತು. ಆದರೆ ಮಾಸ್ತರನ ತಲೆ ಸುಮ್ಮನಿರುತ್ತದೆಯೇ? ಹಿಂದಿನ ಜಗಲಿಯ ಉಯ್ಯಾಲೆಗೆ ಒಂದು ಹಗ್ಗ ಕಟ್ಟಿ, ಅದನ್ನು ಹನ್ನೆರಡೂ ಗಿಡಗಳಿಗೆ ಸಾಲಾಗಿ ಸುತ್ತಿದೆ. ನಾನು ಪೇಪರ್ ಓದುತ್ತ ತೂಗಿಕೊಂಡರೆ ಸಾಕು, ಎಲ್ಲ ಗಿಡಗಳೂ ಒಟ್ಟಿಗೆ ತಲೆಯಾಡಿಸುತ್ತಿದ್ದವು. ನನ್ನ ತರಗತಿಯಲ್ಲಿ ಯಾರೂ ನನಗೆ ಅಷ್ಟು ತಲೆಯಾಡಿಸಿದವರಲ್ಲ!

ಪಕ್ಕದ ಮನೆಯ ಜುಬೇದಕ್ಕ ಬೇಲಿಯ ಮೇಲಿಂದ ಇಣುಕಿದರು. ಅವರ ಹಿತ್ತಲಲ್ಲೂ ಮಲ್ಲಿಗೆ ಇದೆ.

"ಮಾಸ್ತರ್ರೇ, ಗಾಳಿಯೇ ಇಲ್ಲ. ನಿಮ್ಮ ಗಿಡ ಮಾತ್ರ ಕುಣೀತಾ ಉಂಟಲ್ಲ?"

ನಾನು ಅರ್ಧ ಗಂಟೆ ರಿಸೆಪ್ಟರ್ ವಿವರಿಸಿದೆ. ಅವರು ಪೂರ್ತಿ ಕೇಳಿ, "ನಾನು ಬರೇ ನೀರು ಹಾಕ್ತೆ ಮಾರಾಯ್ರೆ" ಎಂದು ಒಳಗೆ ಹೋದರು.

ನೀರು! ಅದು ಕಡಿಮೆಯಾದರೂ ರಿಸೆಪ್ಟರ್ ಏಳುತ್ತದೆಂಬುದನ್ನು ಮರೆತೇ ಬಿಟ್ಟಿದ್ದೆ. ಸಂಜೆ ಗಿಡಕ್ಕೆ ನೀರು ಹಾಕುವುದು ನನ್ನ ಪಾಲಿನ ಕೆಲಸ. ಸ್ವಲ್ಪ ಬಾಯಾರಿದರೆ ಗಿಡ ಇನ್ನೂ ಗಟ್ಟಿಯಾದೀತೆಂದು ದಿನ ಬಿಟ್ಟು ದಿನ ಹಾಕತೊಡಗಿದೆ. ಗಿರಿಜೆಗೆ ಹೇಳಲಿಲ್ಲ. ಸಂಶೋಧನೆಯಲ್ಲಿ ಕೆಲವು ವಿಷಯ ಗುಟ್ಟಾಗಿರಬೇಕು.

ಒಂದೂವರೆ ತಿಂಗಳಾದ ಮೇಲೆ ಶಾಲೆಯಿಂದ ವರ್ನಿಯರ್ ಕ್ಯಾಲಿಪರ್ಸ್ ತಂದು ಅಳೆದೆ. ಕಾಂಡ ದಪ್ಪವಾಗಿತ್ತು! ಗಿಡಗಳು ಕುಳ್ಳಗೆ, ಗಟ್ಟಿಮುಟ್ಟಾಗಿ, ಕುಸ್ತಿಗೆ ಇಳಿದವರ ಹಾಗೆ ನಿಂತಿದ್ದವು.

"ಗಿರಿಜೇ, ಓಡಿ ಬಾ! ನೋಡು!"

"ನೋಡ್ದೆ. ಮೊಗ್ಗು ಎಲ್ಲಿ?"

ಅದನ್ನು ನಾನು ಅಳೆದಿರಲಿಲ್ಲ. ಇಬ್ಬರೂ ಎಲೆ ಎತ್ತಿ ಎತ್ತಿ ಹುಡುಕಿದೆವು. ಸಿಕ್ಕಿದ್ದು ಹದಿನೇಳು. ಅಷ್ಟರಲ್ಲಿ ಗೊಂಬೆಗೂ ದಂಡೆಯಾಗುವುದಿಲ್ಲ. ಮದುವೆಗೆ ಉಳಿದದ್ದು ಎರಡೇ ದಿನ!

ಗಿರಿಜೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿತ್ತಲ ಮೆಟ್ಟಿಲ ಮೇಲೆ ಕೂತು, "ಇಡಗುಂಜಿ ಗಣಪತೀ, ಸುಮಿತ್ರೆ ಎದುರು ಎಂತ ಮುಖ ಇಟ್ಕಂಡು ಹೋಗೂದು?" ಎಂದಳು. ನಾನು ಕ್ಯಾಲಿಪರ್ಸನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

ಪ್ರಾಧ್ಯಾಪಕರಿಗೆ ಫೋನ್ ಹಚ್ಚಿದೆ. ಅವರು ಎಲ್ಲ ಕೇಳಿಕೊಂಡು ಸಂತೋಷದಿಂದ ಹೇಳಿದರು: "ಊಟ ಆದ ಮೇಲೆ ನಾನು ಹೇಳಿದ್ದು ಅದೇ ಅಲ್ವಾ ಸರ್! ರಿಸೆಪ್ಟರ್ ಅಪಾಯ ಬಂತು ಅಂತ ಸುದ್ದಿ ಮುಟ್ಟಿಸಿದ್ರೆ ಗಿಡ ಮದುವೆ ಮುಂಜಿ ಎಲ್ಲ ಮುಂದೆ ಹಾಕಿ ಮೊದಲು ಕಾಂಪೌಂಡ್ ಗೋಡೆ ಕಟ್ಟಿಕೊಳ್ತದೆ. ಕಾಂಡ ದಪ್ಪ ಆಗ್ತದೆ, ಹೂ ತಡ ಆಗ್ತದೆ. ನಿಮ್ಮ ಪ್ರಯೋಗ ಪೂರ್ತಿ ಯಶಸ್ವಿ! ಅಭಿನಂದನೆ!"

ಅಭಿನಂದನೆಯನ್ನು ಗಿರಿಜೆಗೆ ತಲುಪಿಸುವ ಧೈರ್ಯ ನನಗಾಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬುಟ್ಟಿ ಹಿಡಿದು ಜುಬೇದಕ್ಕನ ಮನೆಗೆ ಹೊರಟಳು. ಹಿಂದೆ ನಾನು. ಅಲ್ಲಿ ಗಿಡದ ತುಂಬ ಮೊಗ್ಗು, ಎಲೆಯೇ ಕಾಣಿಸುತ್ತಿರಲಿಲ್ಲ.

"ಬೇಕಾದಷ್ಟು ಕೊಯ್ಯಿ ಗಿರಿಜಾ. ಹುಡುಗಿ ಮದುವೆಗೆ ಕೇಳೂದೆಂತ!" ಎಂದ ಜುಬೇದಕ್ಕ ನನ್ನತ್ತ ತಿರುಗಿದರು. "ಮಾಸ್ತರ್ರು ಮಾತ್ರ ಗೇಟಿನ ಹೊರಗೇ ನಿಲ್ಲಲಿ."

ನಿಂತೆ. ಅವರು ಗೇಟಿಗೆ ಚಿಲಕವನ್ನೂ ಹಾಕಿಕೊಂಡರು.

ಗಿರಿಜೆ ಇಡೀ ದಿನ ಕೂತು ಬಾಳೆನಾರಿನಲ್ಲಿ ಒತ್ತೊತ್ತಾಗಿ ದಂಡೆ ಕಟ್ಟಿದಳು. ಕೊಟ್ಟ ಮಾತು ಪೂರ್ತಿ ಸುಳ್ಳಾಗಬಾರದೆಂದು ನಮ್ಮ ಹದಿನೇಳು ಮೊಗ್ಗುಗಳನ್ನೂ ನಡುವೆ ಸೇರಿಸಿದಳು. ಹಿರೇಗುತ್ತಿಯ ಮಂಟಪದಲ್ಲಿ ಆ ದಂಡೆ ಮುಡಿದ ಮದುಮಗಳನ್ನು ನೋಡಿ ಹೆಂಗಸರೆಲ್ಲ ಹತ್ತಿರ ಬಂದು ಮೂಸಿದರು.

ಸುಮಿತ್ರೆಗೆ ಖುಷಿಯೋ ಖುಷಿ. "ಎಷ್ಟು ದಪ್ಪ ಮೊಗ್ಗು! ಭಾವ, ಗಿಡಕ್ಕೆ ಎಂತ ಮಾಡ್ತ್ರಿ?"

ನಾನು ಗಂಟಲು ಸರಿಮಾಡಿಕೊಂಡೆ. "ಅದು ಹೇಗೆಂದರೆ, ಪ್ರತಿ ಜೀವಕೋಶದ ಹೊರಮೈಯಲ್ಲಿ..."

ಗಿರಿಜೆಯ ಹಿಮ್ಮಡಿ ನನ್ನ ಹೆಬ್ಬೆರಳ ಮೇಲೆ ಇಳಿಯಿತು. ನನ್ನ ಮೈಯ ರಿಸೆಪ್ಟರ್‌ಗಳೆಲ್ಲ ಒಂದೇ ಸಲಕ್ಕೆ ಸುದ್ದಿ ಮುಟ್ಟಿಸಿದವು. ಬಾಯಿ ತಾನಾಗಿ ಮುಚ್ಚಿತು.

"ಎಂತ ಮಾಡೂದೂ ಇಲ್ಲೆ ಸುಮಿ," ಎಂದು ಗಿರಿಜೆ ನಕ್ಕಳು. "ಈ ಹೂವಿನ ಗಿಡ ಇವರು ಮುಟ್ಲಿಲ್ಲ. ಅಷ್ಟೇ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಹದಿನೇಳನ್ನು ಬಿಟ್ಟರೆ.

ಸುಮಿತ್ರೆ ನನಗೆ ಭಕ್ತಿಯಿಂದ ಕೈಮುಗಿದಳು. "ದೊಡ್ಡ ಉಪಕಾರ ಆತು ಭಾವ. ಚಿಕ್ಕವಳ ಮದುವೆಗೂ ಹೀಂಗೇ ಮುಟ್ಟದೇ ಇರಿ."

"ಆತು" ಎಂದೆ.