ಎಂಟು ತಂತಿ ಹರಿಯದಂತೆ ಕಾಯ್ದ ಬಗೆ

ದೇವರು ಏನನ್ನಾದರೂ ಕಸಿದುಕೊಳ್ಳುವಾಗ ಪೂರ್ತಿ ಕಸಿದುಕೊಳ್ಳುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಹಾಲು ಉಕ್ಕಿ ಹೋದರೂ ತಳದಲ್ಲಿ ಚಹಾಕ್ಕಾಗುವಷ್ಟು ಉಳಿದಿರುತ್ತದೆ. ರೊಟ್ಟಿ ಹೊತ್ತಿದರೂ ಒಂದು ಮಗ್ಗಲು ತಿನ್ನಲು ಬರುತ್ತದೆ. ಹಾಗಾಗಿ ನನ್ನ ಉಕುಲೇಲೆಯ ತಂತಿ ಮೊದಲ ಸಲ ಹರಿದಾಗ ನಾನೇನೂ ಅಳಲಿಲ್ಲ. ಎಂಟರಲ್ಲಿ ಒಂದು ಹೋಯಿತು, ಏಳು ಉಳಿದವಲ್ಲ, ಕಣ್ಣಿಗಂತೂ ಬಡಿಯಲಿಲ್ಲವಲ್ಲ ಎಂದು ಶಿವನಿಗೆ ಕೈಮುಗಿದೆ.

ಉಕುಲೇಲೆ ಎಂದರೆ ಕಂಕುಳಲ್ಲಿ ಕೂರುವಷ್ಟು ಚಿಕ್ಕ ಗಿಟಾರು. ಸಾಮಾನ್ಯವಾಗಿ ಅದಕ್ಕೆ ನಾಲ್ಕೇ ತಂತಿ. ನನ್ನ ಮಗಳು ಕಾಲೇಜಿನ ಹುರುಪಿನಲ್ಲಿ ಎಂಟು ತಂತಿಯದನ್ನು ತರಿಸಿದ್ದಳು. ಮದುವೆಯಾಗಿ ತಡಸಕ್ಕೆ ಹೋಗುವಾಗ, "ಅವ್ವಾ, ಇದನ್ನ ನೀನ ಇಟ್ಕೋ. ಅಲ್ಲೆ ನನಗ ಎಮ್ಮಿ ಅದಾವ" ಎಂದು ಬಿಟ್ಟುಹೋದಳು. ನಾನು ಫೋನು ನೋಡಿ ಕಲಿತು, ಸವಣೂರಿನ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಬಾರಿಸತೊಡಗಿದೆ. ತಂತಿಗಳು ಗಂಡ-ಹೆಂಡಿರಂತೆ ಜೋಡಿ ಜೋಡಿಯಾಗಿರುತ್ತವೆ. ಕೆಲವು ಜೋಡಿಗಳಲ್ಲಿ ಒಂದು ದಪ್ಪ, ಇನ್ನೊಂದು ತೆಳು. ಹರಿಯುವುದು ಯಾವಾಗಲೂ ತೆಳುವೇ. "ನೋಡ್ರಿ, ಇದರಾಗೂ ತ್ರಾಸ ಪಡಾಕಿ ಹೆಂಡ್ತಿನ" ಎಂದು ನಾನು ಯಜಮಾನರಿಗೆ ಹೇಳಿದರೆ ಅವರು ಪೇಪರಿನಿಂದ ಮುಖ ಎತ್ತದೆ, "ಬಿಗದಾಕಿ ಯಾರು, ಅದನ್ನ ಮೊದಲ ಹೇಳ" ಎಂದರು.

ಬಿಗಿದವಳು ನಾನೇ, ಆದರೆ ಬಿಗಿಸಿದವರು ಶಾಂತಕ್ಕ. ಅವರು ನಮ್ಮ ಮಂಡಳಿಯ ಹಿರಿಯರು. ಹಾರ್ಮೋನಿಯಂ ಪೇಟಿಯ ಮೇಲುದನಿಯ ಮನೆಗಳನ್ನು ಬಿಟ್ಟು ಅವರ ಕಂಠ ಕೆಳಗೆ ಇಳಿಯುವುದಿಲ್ಲ. ಆ ಎತ್ತರಕ್ಕೆ ಸರಿಗಟ್ಟಲು ನಾನು ಬಿರಡೆ ತಿರುಗಿಸಿ ತಿರುಗಿಸಿ ತಂತಿ ಬಿಗಿಯುವುದು, ಸರಿಯಾಗಿ ಮಂಗಳಾರತಿಯ ಹೊತ್ತಿಗೆ ಅದು ಟಣ್ಣೆನ್ನುವುದು, ಆರತಿ ಹಿಡಿದವರು ಬೆಚ್ಚುವುದು ರೂಢಿಯೇ ಆಗಿಬಿಟ್ಟಿತು. ಒಂದು ದಿನ ಶಾಂತಕ್ಕ ನನ್ನನ್ನು ಮೂಲೆಗೆ ಕರೆದರು.

"ನೀಲಕ್ಕಾ, ಮುಂದಿನ ವಾರ ಹಿರೇಕೆರೂರಾಗ ನನ್ನ ಮಗಳ ಕುಬಸ ಐತಿ. ಬಸುರಿ ಹೆಣ್ಮಗಳ ಮುಂದ ತಂತಿ ಹರೀತಂದ್ರ ಬೀಗರು ಏನಂದಾರು? ಅದನ್ನ ಮನ್ಯಾಗ ಬಿಟ್ಟು ಬರ್ರಿ. ಬರೇ ತಾಳ ಹಾಕ್ರಿ."

"ಹರಿಯಂಗಿಲ್ರಿ. ಅದಕ್ಕ ನಾನು ಜವಾಬ್ದಾರಿ."

"ಹರಿದ್ರ?"

"ಹರಿದ್ರ ಮತ್ತ ಎಂದೂ ಮಂಡಳ್ಯಾಗ ತರಂಗಿಲ್ಲ."

ಮಾತು ಕೊಟ್ಟು ಮನೆಗೆ ಬಂದು, ಹೊಲಿಗೆ ಯಂತ್ರದ ಮುಂದೆ ಕುಳಿತು ವಿಚಾರ ಮಾಡಿದೆ. ಎಷ್ಟು ವರ್ಷದಿಂದ ಓಣಿಯ ಜಂಪರು ಹೊಲಿಯುತ್ತಿದ್ದೇನೆ! ದಾರ ಹರಿಯುವುದಕ್ಕೆ ದಾರವನ್ನೇ ಬೈದು ಉಪಯೋಗವಿಲ್ಲ. ಒಂದೋ ಬಿಗಿ ಹೆಚ್ಚಾಗಿರುತ್ತದೆ, ಇಲ್ಲವೇ ಅದು ಹಾಯುವ ದಾರಿಯಲ್ಲಿ ಏನೋ ಚುಚ್ಚುತ್ತಿರುತ್ತದೆ. ಹರಿದ ತಂತಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಎಲ್ಲವೂ ಒಂದೇ ಜಾಗದಲ್ಲಿ, ವಾದ್ಯದ ತಲೆಯ ಬಳಿ ತಂತಿ ಕೂರುವ ಸಣ್ಣ ಗೀರುಗಳಲ್ಲೇ ಹರಿದಿದ್ದವು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಗೀರಿನ ತುಂಬ ವಿಭೂತಿ, ಅದರ ಮೇಲೆ ಕುಂಕುಮ, ಅದರ ಮೇಲೆ ಅರಿಷಿಣ, ಎಲ್ಲವೂ ಕೊಬ್ಬರಿ ಎಣ್ಣೆಯಲ್ಲಿ ಕಲೆತು ಗಾರೆಯಂತೆ ಗಟ್ಟಿಯಾಗಿತ್ತು. ಪ್ರತಿ ಸೋಮವಾರ ನಾನು ಪೂಜೆ ಮಾಡಿ ಅದರ ತಲೆಗೆ ಹಚ್ಚಿದ್ದೇ! ಭಕ್ತಿಯಲ್ಲಿ ತಪ್ಪಿಲ್ಲ, ಜಾಗದಲ್ಲಿ ತಪ್ಪಿತ್ತು. ಬೇಕಾದರೆ ಬೆನ್ನಿಗೆ ಹಚ್ಚಬಹುದು, ದೇವರಿಗೆ ಅಲ್ಲಿಂದಲೂ ಕಾಣಿಸುತ್ತದೆ.

ಸೂಜಿಯ ಮೊನೆಯಿಂದ ಗೀರುಗಳನ್ನು ಕೆರೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒರೆಸಿದೆ. ಚೂಪಾದ ಅಂಚನ್ನು ಮರಳು ಕಾಗದದಿಂದ ಮೆಲ್ಲಗೆ ಉಜ್ಜಿದೆ. ಆಮೇಲೆ ಪೆನ್ಸಿಲ್ಲಿನ ಕರಿ ತೀಡಿದೆ. ತಂತಿ ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು. ಇನ್ನು ಶಾಂತಕ್ಕನ ಎತ್ತರ. "ಒಂದ ಮನಿ ಕೆಳಗ ಹಾಡಬಾರದೇನ್ರಿ?" ಎಂದು ಫೋನಿನಲ್ಲಿ ಕೇಳಿದರೆ, "ಕೆಳಗ ಹಾಡಾಕ ಅದೇನ ಜೋಗುಳೇನ್ರಿ?" ಎಂದರು. ಅದಕ್ಕೂ ಪೆನ್ಸಿಲ್ಲೇ ಉಪಯೋಗಕ್ಕೆ ಬಂತು. ತಂತಿ ಬಿಗಿಯುವ ಬದಲು, ಹಿಡಿಕೆಯ ಮೇಲೆ ಪೆನ್ಸಿಲ್ಲನ್ನು ಅಡ್ಡ ಇಟ್ಟು ಜಡೆಯ ರಬ್ಬರಿನಿಂದ ಬಿಗಿದೆ. ತಂತಿಯ ಉದ್ದ ಕಡಿಮೆಯಾಯಿತು, ದನಿ ತಾನಾಗಿ ಏರಿತು. "ಎಂಥಾ ತಲಿ ಓಡಸ್ತಿಯಲೇ!" ಎಂದರು ಯಜಮಾನರು. ಅವರು ನನ್ನನ್ನು ಹೊಗಳುವುದೇ ಅಪರೂಪ. ಅದನ್ನೂ ಆ ದಿನದ ಲಾಭದಲ್ಲಿ ಸೇರಿಸಿಕೊಂಡೆ.

ಹಿರೇಕೆರೂರಿನಲ್ಲಿ ಮನೆ ತುಂಬ ಬೀಗರು. ಹಸಿರು ಸೀರೆ, ಮುಂಗೈ ತುಂಬ ಹಸಿರು ಬಳೆ ತೊಟ್ಟು ಹುಡುಗಿ ಮಣೆಯ ಮೇಲೆ ಕುಳಿತಿದ್ದಳು. ಶಾಂತಕ್ಕ ಹಾಡು ಎತ್ತಿಕೊಂಡರು. ಪೇಟಿ, ತಬಲಾ, ತಾಳ ಎಲ್ಲ ಕೂಡಿದವು. ನಾನೂ ಬಾರಿಸಿದೆ. ಆರತಿ ಎತ್ತಿದಾಗ ಹಾಡು ಮೇಲಕ್ಕೇರಿತು. ಶಾಂತಕ್ಕ ಕಣ್ಣು ಮುಚ್ಚಿ ಹಾಡುತ್ತಿದ್ದರೂ ಕಿವಿ ನನ್ನ ಕಡೆಗೇ ಇದ್ದಂತಿತ್ತು. ನನ್ನ ಬಾಯಲ್ಲಿ ಪಂಚಾಕ್ಷರಿ, ಬೆರಳಲ್ಲಿ ಬೆವರು. ಆರತಿ ಇಳಿಯಿತು, ಹಾಡು ಮುಗಿಯಿತು, ಎಂಟೂ ತಂತಿ ನೆಟ್ಟಗಿದ್ದವು. ಆ ಹೊತ್ತಿಗೆ ನನಗೆ ನಾನೇ ಒಂದು ಆರತಿ ಎತ್ತಿಕೊಳ್ಳುವಷ್ಟು ಹೆಮ್ಮೆಯಾಗಿತ್ತು.

ಊಟಕ್ಕೆ ಕುಳಿತಾಗ ಶಾಂತಕ್ಕ ಮುಖ ತುಂಬ ನಗು ಹೊತ್ತು ಹೋಳಿಗೆಯ ತಾಟು ಹಿಡಿದು ಬಂದರು. "ಬಾಳ ಚೊಲೋ ಆತು, ನೀಲಕ್ಕಾ. ಅದನ್ನ ತಂದ್ರೂ ನನ್ನ ಮಾತಿಗೆ ಮರ್ಯಾದಿ ಕೊಟ್ಟು ಬಾರಸದನ ಕುಂತ್ರಿ ನೋಡ್ರಿ, ಅದು ದೊಡ್ಡತನ."

ನಾನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೂ ಬಾರಿಸಿದ್ದೆ. ಹರಿದೀತೆಂಬ ಅಂಜಿಕೆಯಲ್ಲಿ ತಂತಿಗಳನ್ನು ಮಲಗಿದ ಕೂಸಿನ ಕೆನ್ನೆ ಸವರಿದಂತೆ ಸವರಿದ್ದಕ್ಕೆ ಅದರ ದನಿ ಯಾರ ಕಿವಿಗೂ ಬಿದ್ದಿರಲಿಲ್ಲ.

"ನಿಮ್ಮ ಮಾತು ಹೆಂಗ ಮೀರಾಕ ಬರ್ತೈತ್ರಿ, ಶಾಂತಕ್ಕಾ" ಎಂದು ತಟ್ಟೆ ಮುಂದೆ ಸರಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.